ಟ್ಯಾಂಕಿನ ತಳಕ್ಕೆ ತಾರೀಖು ಯಾವುದು?

1999ರ ಜನವರಿಯಲ್ಲಿ ಬೆಲ್ಜಿಯಂನ ಗೆಂಟ್ ನಗರದ ಹತ್ತಿರ ಒಂದು ಟ್ಯಾಂಕ್ ಕೆಟ್ಟಿತು. ಕರಿದು ಉಳಿದ ಎಣ್ಣೆಯನ್ನೂ ಪ್ರಾಣಿಗಳ ಕೊಬ್ಬನ್ನೂ ಕೂಡಿಹಾಕಿ, ಕರಗಿಸಿ, ಪಶು ಆಹಾರ ತಯಾರಿಸುವವರಿಗೆ ಮಾರುತ್ತಿದ್ದ ಕಂಪನಿಯ ಟ್ಯಾಂಕ್ ಅದು. ಆ ಕೊಬ್ಬಿನ ಜೊತೆ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುವ ಎಣ್ಣೆಯೂ ಸೇರಿಹೋಯಿತು. ಅದರಲ್ಲಿ ಪಿಸಿಬಿ ಎಂಬ ರಾಸಾಯನಿಕವಿತ್ತು, ಪಿಸಿಬಿಯ ಬೆನ್ನಿಗೆ ಡಯಾಕ್ಸಿನ್ ಇತ್ತು. ಆಮೇಲೆ ಲೆಕ್ಕ ಹಾಕಿದವರ ಪ್ರಕಾರ ಆ ಡಯಾಕ್ಸಿನ್‌ನ ಒಟ್ಟು ತೂಕ ಸುಮಾರು ಒಂದು ಗ್ರಾಂ. ಎರಡು ಮೂರು ಚಿಟಿಕೆ ಉಪ್ಪಿನಷ್ಟು. ಅದು ಟ್ಯಾಂಕಿನಿಂದ ಮೇವಿನ ಕಾರ್ಖಾನೆಗಳಿಗೆ, ಅಲ್ಲಿ ಸುಮಾರು 500 ಟನ್ ಮೇವಿಗೆ, ಆ ಮೇವಿನ ಮೂಲಕ 2,500ಕ್ಕೂ ಹೆಚ್ಚು ಸಾಕಣೆ ಕೇಂದ್ರಗಳಿಗೆ ಹರಡಿತು.

ಮೊದಲು ತಿಳಿದದ್ದು ಕೋಳಿ ಸಾಕುವವರಿಗೆ. ಫೆಬ್ರುವರಿಯಲ್ಲಿ ಕೋಳಿಗಳು ಮೊಟ್ಟೆ ಇಡುವುದು ಕಡಿಮೆಯಾಯಿತು, ಇಟ್ಟ ಮೊಟ್ಟೆ ಸರಿಯಾಗಿ ಮರಿಯಾಗಲಿಲ್ಲ, ಆದ ಮರಿಗಳೂ ಸಾಯತೊಡಗಿದವು. ಪ್ರಯೋಗಾಲಯದಲ್ಲಿ ಡಯಾಕ್ಸಿನ್ ಎಂದು ಖಚಿತವಾಗುವ ಹೊತ್ತಿಗೆ ಏಪ್ರಿಲ್ ಕಳೆಯುತ್ತ ಬಂದಿತ್ತು. ಜನರ ಕಿವಿಗೆ ಸುದ್ದಿ ಬಿದ್ದದ್ದು ಮೇ ತಿಂಗಳ ಕೊನೆಗೆ. ಆರೋಗ್ಯ ಸಚಿವರೂ ಕೃಷಿ ಸಚಿವರೂ ರಾಜೀನಾಮೆ ಕೊಟ್ಟರು. ಜೂನ್ 13ರ ಚುನಾವಣೆಯಲ್ಲಿ ಪ್ರಧಾನಿ ಜಾನ್ ಲುಕ್ ಡೆಹಾನೆ ಅವರ ಸರ್ಕಾರ ಸೋತಿತು.

ಇಷ್ಟು ಹಳೆಯ ಕತೆಯನ್ನು ಈಗ ಎತ್ತಿದ್ದಕ್ಕೆ ಕಾರಣವಿದೆ. ವಿಷ ತಿಂದ ಕೋಳಿಗಳು ದೇಶದ ಒಟ್ಟು ಕೋಳಿಗಳಲ್ಲಿ ಒಂದು ಪಾಲು ಮಾತ್ರ. ಆದರೆ ಯಾವ ಕೋಳಿ ತಿಂದಿದೆ, ಯಾವುದು ತಿಂದಿಲ್ಲ ಎಂದು ಆ ವಾರ ಯಾರೂ ಎದೆ ಮುಟ್ಟಿಕೊಂಡು ಹೇಳುವ ಸ್ಥಿತಿಯಲ್ಲಿರಲಿಲ್ಲ. ಹೇಳಲಾಗದ್ದರಿಂದ ಎಲ್ಲವನ್ನೂ ಅಂಗಡಿಯಿಂದ ತೆಗೆಯಬೇಕಾಯಿತು: ಕೋಳಿ, ಮೊಟ್ಟೆ, ಮೊಟ್ಟೆ ಹಾಕಿದ ಕೇಕು ಬಿಸ್ಕತ್ತು, ಆಮೇಲೆ ಹಂದಿ ಮಾಂಸ, ಬೆಣ್ಣೆ. ಲಕ್ಷಾಂತರ ಕೋಳಿಗಳನ್ನು ಕೊಂದು ಸುಟ್ಟರು. ಅವುಗಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇದ್ದಿರಬೇಕು. ಜಾಡು ಇದ್ದಿದ್ದರೆ ಅವು ಉಳಿಯುತ್ತಿದ್ದವು, ಅವುಗಳನ್ನು ಸಾಕಿದವರೂ ಉಳಿಯುತ್ತಿದ್ದರು.

ಆಹಾರ ಪೊಟ್ಟಣದ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ನಮ್ಮಲ್ಲಿ 2006ರ ಆಹಾರ ಸುರಕ್ಷತಾ ಕಾಯ್ದೆ ಬಂದ ಮೇಲೆ ಲೇಬಲ್ಲಿನ ನಿಯಮಗಳು ಬಿಗಿಯಾಗಿವೆ. 2020ರ ಲೇಬಲ್ ನಿಯಮಾವಳಿಯೂ ಬ್ಯಾಚ್ ಅಥವಾ ಲಾಟ್ ನಂಬರ್ ಇರಲೇಬೇಕು ಎನ್ನುತ್ತದೆ. ಆ ನಂಬರ್ ನೋಡಿದಾಗ ಅದರ ಹಿಂದೆ ಒಂದು ಗಟ್ಟಿ ಸಂಗತಿ ಇದೆ ಎಂದು ನಂಬುತ್ತೇವೆ: ಇಂಥ ದಿನ, ಇಂಥ ಗೋಧಿ, ಇಂಥ ಎಣ್ಣೆ, ಇಷ್ಟು ಪೊಟ್ಟಣ. ಚೀಲದಲ್ಲಿ, ಡ್ರಮ್ಮಿನಲ್ಲಿ ಬರುವ ಪದಾರ್ಥಕ್ಕೆ ಇದು ನಿಜ. ಚೀಲಕ್ಕೊಂದು ಚೀಟಿ ಇರುತ್ತದೆ, ಚೀಟಿಯಲ್ಲಿದ್ದುದನ್ನು ಬರೆದುಕೊಂಡರೆ ಮುಗಿಯಿತು. ಆದರೆ ದೊಡ್ಡ ಕಾರ್ಖಾನೆಗಳಿಗೆ ಹಿಟ್ಟು, ಸಕ್ಕರೆ, ಎಣ್ಣೆ, ಹಾಲು ಚೀಲದಲ್ಲಿ ಬರುವುದಿಲ್ಲ. ಟ್ಯಾಂಕರಿನಲ್ಲಿ ಬಂದು ಸೈಲೋಗೆ, ಟ್ಯಾಂಕಿಗೆ ಬೀಳುತ್ತವೆ. ಅಲ್ಲಿ ಮೊದಲೇ ನಿನ್ನೆಯದು ಇರುತ್ತದೆ. ನಿನ್ನೆಯದರ ಕೆಳಗೆ ಮೊನ್ನೆಯದು. ಚೀಟಿ ಟ್ಯಾಂಕರ್ ಚಾಲಕನ ಕೈಯಲ್ಲೇ ಉಳಿಯುತ್ತದೆ, ಪದಾರ್ಥ ಮಾತ್ರ ಒಳಗೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ರೋಲರ್ ಫ್ಲೋರ್ ಮಿಲ್ಲಿಗೆ ಹೋಗಿದ್ದೆ. ರವೆ, ಮೈದಾ, ಆಟಾ, ಬೂಸಾ ಎಲ್ಲ ಬೇರೆ ಬೇರೆ ಕೊಳವೆಗಳಲ್ಲಿ ಇಳಿದು ಬರುತ್ತಿದ್ದವು. ಪಕ್ಕದಲ್ಲಿದ್ದ ಸೂಪರ್‌ವೈಸರ್ ಅವರನ್ನು, ‘ಈಗ ಬೀಳ್ತಿರೋ ಮೈದಾ ಯಾವ ಲೋಡಿನ ಗೋಧಿದು?’ ಎಂದು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ‘ಒಂದೇ ಲೋಡು ಅಂತ ಹೇಳೋಕಾಗಲ್ಲ ಸಾರ್. ಸೋಮವಾರದ್ದೂ ಇರತ್ತೆ, ಶನಿವಾರದ್ದೂ ಇರತ್ತೆ. ಬಿನ್ನು ಪೂರ್ತಿ ಖಾಲಿ ಆಗೋದು ವರ್ಷಕ್ಕೆ ಎರಡೋ ಮೂರೋ ಸಲ.’ ಆದರೆ ಹೊರಗೆ ಚೀಲಗಳ ಮೇಲೆ ದಿನಕ್ಕೊಂದು ಬ್ಯಾಚ್ ನಂಬರ್ ಬೀಳುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ, ಚೀಲವೂ ಕಾನೂನು ಮೀರಿರಲಿಲ್ಲ. ಆ ನಂಬರ್ ಹೇಳುತ್ತಿದ್ದುದು ಚೀಲ ಹೊಲಿದ ದಿನವನ್ನು ಮಾತ್ರ. ಗೋಧಿಯ ಬಗ್ಗೆ ಅದು ಏನನ್ನೂ ಹೇಳುತ್ತಿರಲಿಲ್ಲ.

ಖಾಲಿಯಾಗದ ಟ್ಯಾಂಕ್ ಎಂದರೇನು ಎಂದು ತಿಳಿಯಲು ನಮ್ಮ ಮನೆಯ ಮೊಸರು ಸಾಕು. ಇಂದಿನ ಹಾಲಿಗೆ ನಿನ್ನೆಯ ಮೊಸರಿನ ಹೆಪ್ಪು. ನಿನ್ನೆಯದಕ್ಕೆ ಮೊನ್ನೆಯದು. ಹೀಗೆ ಹಿಂದಕ್ಕೆ ಹೋದರೆ ಅತ್ತೆಯ ಕಾಲದ ಮೊಸರೂ ಒಂದು ಅಣುವಿನಷ್ಟಾದರೂ ಇಂದಿನ ಪಾತ್ರೆಯಲ್ಲಿರಬಹುದು. ಮನೆಯ ಮೊಸರಿಗೆ ಹುಟ್ಟಿದ ತಾರೀಖಿಲ್ಲ. ಟ್ಯಾಂಕಿನ ತಳದಲ್ಲಿ ಉಳಿಯುವ ಪದಾರ್ಥವೂ ಹೊಸ ಲೋಡಿಗೆ ಹೆಪ್ಪಿನ ಹಾಗೆಯೇ.

ಒಂದು ಲೆಕ್ಕ ಹಾಕೋಣ. 20 ಟನ್ ಹಿಡಿಯುವ ಎಣ್ಣೆಯ ಟ್ಯಾಂಕ್ ಎಂದಿಟ್ಟುಕೊಳ್ಳಿ. ತಳದಲ್ಲಿ 5 ಟನ್ ಉಳಿದಾಗ ಮತ್ತೆ 15 ಟನ್ ತುಂಬುತ್ತಾರೆ. ಯಾವುದೋ ಒಂದು ಸಲ ಟ್ಯಾಂಕಿನಲ್ಲಿದ್ದ 20 ಟನ್ ಎಣ್ಣೆಯೂ ಪೂರ್ತಿ ಕೆಟ್ಟದ್ದಾಗಿತ್ತು. ಒಳಗೆ ಚೆನ್ನಾಗಿ ಬೆರೆಯುತ್ತದೆ ಎಂದುಕೊಂಡರೆ ಮೊದಲ ಮರುಭರ್ತಿಯಲ್ಲಿ ಕೆಟ್ಟದ್ದು 5 ಟನ್ ಉಳಿಯುತ್ತದೆ. ಎರಡನೆಯದರಲ್ಲಿ 1,250 ಕೆ.ಜಿ., ಮೂರನೆಯದರಲ್ಲಿ ಸುಮಾರು 312, ನಾಲ್ಕನೆಯದರಲ್ಲಿ 78, ಐದನೆಯದರಲ್ಲಿ ಹತ್ತಿರ ಹತ್ತಿರ 20 ಕೆ.ಜಿ. ವಾರಕ್ಕೊಂದು ಸಲ ತುಂಬುವ ಟ್ಯಾಂಕಾದರೆ ಐದು ವಾರ ಕಳೆದ ಮೇಲೂ ಆ ಎಣ್ಣೆ ಅಲ್ಲೇ ಇದೆ. ಪ್ರತಿ ಸಲ ನಾಲ್ಕರಲ್ಲೊಂದು ಪಾಲಾಗುತ್ತ ಹೋಗುತ್ತದೆಯೇ ಹೊರತು ಸೊನ್ನೆ ಆಗುವುದಿಲ್ಲ.

‘ಅಷ್ಟು ತೆಳುವಾದ ಮೇಲೆ ಏನು ತೊಂದರೆ?’ ಎಂದು ಕೇಳುವವರಿದ್ದಾರೆ. ತೊಂದರೆ ಯಾವುದು ಸೇರಿದೆ ಎನ್ನುವುದರ ಮೇಲಿದೆ. ಎಣ್ಣೆ ತುಸು ಕಮಟಾಗಿದ್ದರೆ ಬೆರೆತು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ಹಾನಿಯಿಲ್ಲ. ಕಡಲೆಕಾಯಿ ಒಗ್ಗದವರಿಗೆ ಅದರ ಒಂದು ಚೂರೂ ಉಸಿರು ಕಟ್ಟಿಸಬಹುದು. ಸೂಕ್ಷ್ಮಾಣುಗಳಾದರೆ ಬೆರೆತು ತೆಳುವಾಗುವ ಬದಲು ಅನುಕೂಲವಾದ ಕಡೆ ಬೆಳೆಯುತ್ತವೆ. ಅಲ್ಲಿ ಹೆಪ್ಪು ಎಂಬುದು ಹೋಲಿಕೆಯ ಮಾತಲ್ಲ, ನಿಜವಾಗಿಯೂ ಹೆಪ್ಪೇ.

ಇದುವರೆಗೆ ಹೇಳಿದ್ದು ದ್ರವದ ಮಾತು. ಪುಡಿ, ಕಾಳು ಇನ್ನೂ ಮೋಸದ ಪದಾರ್ಥಗಳು. ಊರಿನ ಹಿಟ್ಟಿನ ಗಿರಣಿಯಲ್ಲಿ ನಿಂತು ಹಾಪರಿನೊಳಗೆ ಇಣುಕಿದವರು ಇದನ್ನು ಕಣ್ಣಾರೆ ನೋಡಿರುತ್ತಾರೆ. ಮೇಲೆ ಸುರಿದ ಜೋಳ ಮಟ್ಟವಾಗಿ ಕೆಳಗಿಳಿಯುವುದಿಲ್ಲ. ನಡುವೆ ಒಂದು ಗುಳಿ ಬೀಳುತ್ತದೆ, ಸುತ್ತಲಿನ ಕಾಳು ಆ ಗುಳಿಗೆ ಜಾರುತ್ತದೆ, ಗೋಡೆಗೆ ಒತ್ತಿಕೊಂಡದ್ದು ಕೊನೆಯವರೆಗೂ ಅಲ್ಲೇ ನಿಂತಿರುತ್ತದೆ. ಅಂದರೆ ಕೊನೆಯಲ್ಲಿ ಸುರಿದದ್ದು ಮೊದಲು ಹೊರಬರುತ್ತದೆ, ಮೊದಲು ಸುರಿದದ್ದು ಗೋಡೆಯ ಪಕ್ಕ ಕೂತಿರುತ್ತದೆ. ದೊಡ್ಡ ಸೈಲೋದಲ್ಲೂ ಇಳಿಜಾರು ಸಾಕಷ್ಟು ಕಡಿದಾಗಿಲ್ಲದಿದ್ದರೆ, ಗೋಡೆ ಒರಟಾಗಿದ್ದರೆ ಆಗುವುದು ಇದೇ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಜೆನಿಕೆ ಎಂಬ ಎಂಜಿನಿಯರ್ ಪುಡಿಗಳು ಹೇಗೆ ಹರಿಯುತ್ತವೆ ಎಂದು ವರ್ಷಗಟ್ಟಲೆ ಅಳೆದು 1964ರಲ್ಲಿ ಪ್ರಕಟಿಸಿದರು. ಒಳಗಿರುವುದೆಲ್ಲ ಒಟ್ಟಿಗೆ ಇಳಿಯಬೇಕಾದರೆ ಕೆಳಗಿನ ಶಂಕುವಿನ ಕೋನ ಎಷ್ಟಿರಬೇಕು, ಬಾಯಿ ಎಷ್ಟು ಅಗಲವಿರಬೇಕು ಎಂದು ಲೆಕ್ಕ ಹಾಕುವ ದಾರಿ ಅಲ್ಲಿಂದ ಸಿಕ್ಕಿತು. ಇಂದಿಗೂ ಸೈಲೋ ಕಟ್ಟುವವರಿಗೆ ಅದೇ ಆಧಾರ. ಆದರೂ ಎಷ್ಟೋ ಸೈಲೋಗಳನ್ನು ಜಾಗ ಎಷ್ಟಿದೆ, ಚಾವಣಿ ಎಷ್ಟು ಎತ್ತರವಿದೆ ಎಂದು ನೋಡಿ ಕಟ್ಟುತ್ತಾರೆ. ಅಂಥ ಕಡೆ ‘ಮೊದಲು ಬಂದದ್ದು ಮೊದಲು ಖರ್ಚು’ ಎಂದು ಕಂಪ್ಯೂಟರಿನಲ್ಲಿ ಬರೆದಿಟ್ಟ ಲೆಕ್ಕಕ್ಕೂ ಸೈಲೋದೊಳಗೆ ನಡೆಯುವುದಕ್ಕೂ ಸಂಬಂಧವಿರುವುದಿಲ್ಲ. ಲೆಕ್ಕದಲ್ಲಿ ಮಾರ್ಚ್‌ನಲ್ಲೇ ಮುಗಿದ ಗೋಧಿ ಆಗಸ್ಟ್‌ನಲ್ಲಿ ಗೋಡೆಯಿಂದ ಕಳಚಿ ಬೀಳಬಹುದು.

ಗಿರಣಿಯ ಸಾಲಿನಲ್ಲಿ ನಿಂತ ಹೆಂಗಸರಿಗೆ ಇದೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ‘ಅಕ್ಕಾ, ನಿಮ್ಮದು ರಾಗಿನಾ? ಹಂಗಾದ್ರೆ ಇನ್ನೊಬ್ಬರ ಗೋಧಿ ಆಗ್ಲಿ, ಆಮೇಲೆ ನನ್ನದು ಹಾಕಿಸ್ತೀನಿ’ ಎನ್ನುವ ಮಾತು ಯಾವ ಗಿರಣಿಯಲ್ಲಾದರೂ ಕೇಳುತ್ತದೆ. ರಾಗಿಯ ಬೆನ್ನಿಗೆ ಬೀಸಿದ ಗೋಧಿ ಹಿಟ್ಟು ಕಪ್ಪಾಗುತ್ತದೆ ಎಂದು ಅವರಿಗೆ ಗೊತ್ತು. ಖಾರದ ಪುಡಿಗೆ ಬೇರೆ ಯಂತ್ರವನ್ನೇ ಇಡಬೇಕು ಎಂದು ಗಿರಣಿಯವರಿಗೆ ಗೊತ್ತು. ಯಂತ್ರದ ಹೊಟ್ಟೆಯಲ್ಲಿ ಹಿಂದಿನವರದ್ದು ಉಳಿಯುತ್ತದೆ ಎನ್ನುವ ಈ ಸರಳ ತಿಳಿವಳಿಕೆಯೇ ದೊಡ್ಡ ಕಾರ್ಖಾನೆಯಲ್ಲಿ ಸರದಿ ಹಾಕುವ ವಿದ್ಯೆ: ಹಾಲಿನ ಪುಡಿ ಇಲ್ಲದ ಬಿಸ್ಕತ್ತು ಬೆಳಿಗ್ಗೆ, ಇರುವುದು ಮಧ್ಯಾಹ್ನ, ಕಡಲೆಕಾಯಿಯದು ಎಲ್ಲಕ್ಕಿಂತ ಕೊನೆಗೆ, ಆಮೇಲೆ ತೊಳೆಯುವುದು.

ಹಳೆಯ ಹಗೇವುಗಳೂ ನೆನಪಾಗುತ್ತವೆ. ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳವನ್ನೋ ರಾಗಿಯನ್ನೋ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಂದು ಸುಗ್ಗಿಯಲ್ಲಿ ತುಂಬಿದ್ದು ತೆರೆಯುವವರೆಗೂ ಹಾಗೇ. ತೆರೆದ ಮೇಲೆ ಗಾಳಿಯಾಡಲು ಬಿಟ್ಟು, ಒಳಗಿಳಿದು, ಪೂರ್ತಿ ತೋಡಿ ಹೊರಹಾಕುತ್ತಿದ್ದರು. ಅರ್ಧ ತೆಗೆದು ಮೇಲೆ ಹೊಸದು ಸುರಿಯುವ ಮಾತೇ ಇರಲಿಲ್ಲ, ಗಾಳಿ ತೇವ ಹೊಕ್ಕ ಗುಂಡಿಯಲ್ಲಿ ಕಾಳು ಉಳಿಯುವುದಿಲ್ಲ. ಹಾಗಾಗಿ ಒಂದು ಹಗೇವು ಎಂದರೆ ಒಂದು ಬ್ಯಾಚ್. ಅಂಚು ಎಲ್ಲಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ಅಂಚೇ ಇಡೀ ವಿಷಯದ ತಿರುಳು. ಜಾಡು ಹಿಡಿಯುವುದು ಎಂದ ಕೂಡಲೇ ಬಾರ್‌ಕೋಡು, ಬ್ಲಾಕ್‌ಚೈನು, ಸಾಫ್ಟ್‌ವೇರು ಎಂದು ಮಾತು ಹೊರಳುತ್ತದೆ. ಅವು ಬೇಡ ಎನ್ನುವುದಿಲ್ಲ. ಆದರೆ ಪದಾರ್ಥಕ್ಕೇ ಅಂಚಿಲ್ಲದಿದ್ದರೆ ಬಾರ್‌ಕೋಡು ಅಂಟಿಸುವುದು ಯಾವುದಕ್ಕೆ? ಒಂದು ಲಾಟ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಯಾರಾದರೂ ನಿರ್ಧರಿಸಬೇಕು. ಕಾರ್ಖಾನೆಯಲ್ಲಿ ಆ ಗೆರೆ ಎಳೆಯಲು ಗಟ್ಟಿಯಾದ ದಾರಿ ಒಂದೇ: ಖಾಲಿ ಮಾಡು, ತೊಳೆ, ಒಣಗಿಸು, ಮತ್ತೆ ತುಂಬು, ಆ ಹೊತ್ತನ್ನು ಬರೆದಿಡು. ಇದಕ್ಕೆ ಒಂದೇ ದೊಡ್ಡ ಟ್ಯಾಂಕಿಗಿಂತ ಎರಡು ಚಿಕ್ಕವು ಬೇಕು. ಒಂದು ಖರ್ಚಾಗುವಾಗ ಇನ್ನೊಂದು ತುಂಬುತ್ತದೆ, ಯಾವುದಕ್ಕೂ ತಳದಲ್ಲಿ ಹಳೆಯದು ಉಳಿಯುವ ಗೊಡವೆಯಿಲ್ಲ. ಹೊಸದಾಗಿ ಕಾರ್ಖಾನೆ ಕಟ್ಟುವವರು ನನ್ನನ್ನು ಕೇಳಿದರೆ ಸಾಫ್ಟ್‌ವೇರಿಗೆ ಎತ್ತಿಟ್ಟ ಹಣದಲ್ಲಿ ಮೊದಲು ಎರಡನೇ ಟ್ಯಾಂಕು ಕಟ್ಟಿ ಎನ್ನುತ್ತೇನೆ.

ಖಾಲಿ ಮಾಡಲು ಆಗದ ಕಡೆ ಇನ್ನೊಂದು ದಾರಿ ಪ್ರಾಮಾಣಿಕತೆಯದು. ಯಾವ ಲೋಡು ಎಷ್ಟು ಹೊತ್ತಿಗೆ, ಎಷ್ಟು ತೂಕ ಒಳಗೆ ಹೋಯಿತು, ಆಗ ಒಳಗೆ ಎಷ್ಟಿತ್ತು, ಎಷ್ಟು ಹೊತ್ತಿಗೆ ಎಷ್ಟು ಹೊರಬಂತು ಎಂದು ಬರೆದಿಡುವುದು. ಹೊರಬಂದದ್ದರಲ್ಲಿ ಯಾವ ಯಾವ ಲೋಡು ಇದ್ದಿರಬಹುದೋ ಅಷ್ಟನ್ನೂ ಆ ಬ್ಯಾಚಿನ ಹೆಸರಿಗೆ ಹಾಕುವುದು. ‘ಇದ್ದಿರಬಹುದು’ ಎನ್ನುವ ಮಾತು ಇಲ್ಲಿ ಮುಖ್ಯ. ಬೇಕಾದಷ್ಟು ದೂರ ಬಲೆ ಬೀಸಿದರೆ ಮಾತ್ರ ಒಳ್ಳೆಯದನ್ನು ನಂಬಿಕೆಯಿಂದ ಹೊರಗಿಡಬಹುದು. ಕಾಳಿನ ಗಾತ್ರದ, ತಿಂದರೂ ಹಾನಿಯಿಲ್ಲದ, ಮೇಲೆ ಸಂಕೇತ ಅಚ್ಚಾದ ಗುಳಿಗೆಗಳನ್ನು ಧಾನ್ಯದ ಜೊತೆ ಬೆರೆಸಿ ಜಾಡು ಹಿಡಿಯುವ ಪ್ರಯೋಗಗಳೂ ಅಮೆರಿಕದಲ್ಲಿ ನಡೆದಿವೆ. ಉಪಾಯ ಚೆನ್ನಾಗಿದೆ, ಆದರೆ ಅದಕ್ಕೂ ಮೊದಲು ಪುಸ್ತಕದಲ್ಲಿ ಹೊತ್ತು ಬರೆಯುವ ಅಭ್ಯಾಸ ಬೇಕು.

ಫ್ರಾನ್ಸ್‌ನ ಮೂವರು ಸಂಶೋಧಕರು 2005ರಲ್ಲಿ ಸಾಸೇಜ್ ತಯಾರಿಕೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಹರಡುವಿಕೆಗೆ ಒಂದು ಅಳತೆ ಕೊಟ್ಟರು. ಒಂದು ಕಚ್ಚಾ ಲಾಟ್ ಎಷ್ಟು ಸಿದ್ಧ ಬ್ಯಾಚುಗಳಿಗೆ ಹೋಯಿತು, ಒಂದು ಸಿದ್ಧ ಬ್ಯಾಚಿಗೆ ಎಷ್ಟು ಕಚ್ಚಾ ಲಾಟ್ ಬಂತು, ಈ ಎರಡನ್ನೂ ಕೂಡಿಸಿ ನೋಡಿ ಎಂದರು. ಯಾವ ಮಾಂಸವನ್ನು ಯಾವ ದಿನ ಯಾವುದರ ಜೊತೆ ಸೇರಿಸಬೇಕು ಎಂದು ಮೊದಲೇ ಯೋಚಿಸಿದರೆ ಅದೇ ಉತ್ಪಾದನೆ, ಅದೇ ರುಚಿ, ಆದರೆ ಹರಡುವಿಕೆ ಕಡಿಮೆ. ಮೊದಲಿನಿಂದಲೂ ಕೊಳ್ಳುವವರು ದರ ನೋಡುತ್ತಾರೆ, ಬೆರೆಸುವವರು ರುಚಿ ನೋಡುತ್ತಾರೆ. ಎಷ್ಟು ಕಡೆ ಹರಡಿತು ಎಂದು ನೋಡುವವರೂ ಒಬ್ಬರು ಬೇಕು ಎನ್ನುವುದು ಈ ಕೆಲಸದಿಂದ ನಾನು ಕಲಿತದ್ದು.

ಬೆಲ್ಜಿಯಂನಂಥ ಹಗರಣಗಳಿಂದ ಪಾಠ ಕಲಿತ ಯುರೋಪ್ ಒಕ್ಕೂಟ 2002ರಲ್ಲಿ ಸಾಮಾನ್ಯ ಆಹಾರ ಕಾನೂನು ಮಾಡಿತು. ಅದರ 18ನೇ ವಿಧಿ 2005ರ ಜನವರಿ 1ರಿಂದ ಜಾರಿಗೆ ಬಂತು. ಆಹಾರ ವ್ಯಾಪಾರ ಮಾಡುವ ಪ್ರತಿಯೊಬ್ಬರೂ ತಾವು ಯಾರಿಂದ ಕೊಂಡರು, ಯಾರಿಗೆ ಮಾರಿದರು ಎಂದು ಹೇಳಬಲ್ಲವರಾಗಿರಬೇಕು. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಒಳ್ಳೆಯ ಕಾನೂನು. ಆದರೆ ಒಳಬಂದ ಯಾವ ಲಾಟ್ ಹೊರಹೋದ ಯಾವ ಬ್ಯಾಚಿಗೆ ಸೇರಿತು ಎಂಬ ಕೊಂಡಿಯನ್ನು ಕಾರ್ಖಾನೆಯೊಳಗೆ ಇಡಲೇಬೇಕು ಎಂದು ಆ ವಿಧಿ ಬಾಯಿಬಿಟ್ಟು ಹೇಳುವುದಿಲ್ಲ. ಗೇಟಿನವರೆಗಿನ ಜಾಡು ಕಡ್ಡಾಯ, ಟ್ಯಾಂಕಿನೊಳಗಿನ ಜಾಡು ಕಂಪನಿಯ ವಿವೇಕಕ್ಕೆ ಬಿಟ್ಟದ್ದು. ನನ್ನ ದೃಷ್ಟಿಯಲ್ಲಿ ದೊಡ್ಡ ತೂತು ಇರುವುದು ಇಲ್ಲೇ. ಸರಪಳಿಯಲ್ಲಿ ಪ್ರತಿ ಕೊಂಡಿಯ ಹೊರಮೈ ಗಟ್ಟಿಯಾಗಿದ್ದು ಒಳಗೆ ಟೊಳ್ಳಾಗಿದ್ದರೆ ಅದನ್ನು ಎಳೆದ ದಿನ ಏನಾಗುತ್ತದೆ ಎಂದು ಆ ಕಾನೂನು ಜಾರಿಯಾದ ಏಳೇ ವಾರಕ್ಕೆ ಗೊತ್ತಾಯಿತು.

2005ರ ಫೆಬ್ರುವರಿಯ ಆ ಪ್ರಕರಣದಲ್ಲಿ ನಮ್ಮ ದೇಶವೂ ಇದೆ. ಬ್ರಿಟನ್ನಿನ ಪ್ರೀಮಿಯರ್ ಫುಡ್ಸ್ ಕಂಪನಿ ತಯಾರಿಸಿದ ವೂಸ್ಟರ್ ಸಾಸ್ ಇಟಲಿಗೆ ಹೋಗಿತ್ತು. ಅಲ್ಲಿನ ಪ್ರಯೋಗಾಲಯದಲ್ಲಿ ಅದರೊಳಗೆ ಸುಡಾನ್-1 ಎಂಬ ಕೆಂಪು ಬಣ್ಣ ಪತ್ತೆಯಾಯಿತು. ಮೇಣಕ್ಕೆ, ಬೂಟ್ ಪಾಲಿಶಿಗೆ ಹಾಕುವ ಬಣ್ಣ ಅದು. ಆಹಾರಕ್ಕೆ ನಿಷಿದ್ಧ, ಕ್ಯಾನ್ಸರ್ ತರಬಹುದೆಂಬ ಶಂಕೆಯಿದೆ. ಸಾಸಿಗೆ ಅದು ಬಂದದ್ದು ಖಾರದ ಪುಡಿಯಿಂದ. ಪುಡಿ ಭಾರತದಿಂದ 2002ರಲ್ಲಿ ಹೋದದ್ದು. ಹಳೆಯ ಮೆಣಸಿನಕಾಯಿಗೆ ಹೊಸ ಕೆಂಪು ಬರಲಿ ಎಂದು ಯಾರೋ ಎಲ್ಲೋ ಬೆರೆಸಿದ್ದು.

ಸಾಸ್ ಬಾಟಲಿಯಲ್ಲಿ ಮಾತ್ರ ಮಾರಾಟವಾಗಿದ್ದರೆ ಬಾಟಲಿಗಳನ್ನು ವಾಪಸ್ ತರಿಸಿ ಮುಗಿಸಬಹುದಿತ್ತು. ಆದರೆ ಅದು ಬೇರೆ ಕಾರ್ಖಾನೆಗಳಿಗೆ ಪದಾರ್ಥವಾಗಿಯೂ ಹೋಗಿತ್ತು. ಅವರು ಅದನ್ನು ಕಡುಬಿಗೆ, ಸೂಪಿಗೆ, ಚಿಪ್ಸಿಗೆ, ಬಿಸಿ ಮಾಡಿ ತಿನ್ನುವ ಸಿದ್ಧ ಊಟಗಳಿಗೆ ಹಾಕಿದ್ದರು. ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆ ವಾಪಸ್ ಪಡೆಯಬೇಕಾದ ತಿನಿಸುಗಳ ಪಟ್ಟಿ ಪ್ರಕಟಿಸಿತು. ದಿನ ಕಳೆದಂತೆ ಪಟ್ಟಿ ಬೆಳೆದು 400 ದಾಟಿತು. ಕೆಲವೇ ಟನ್ ಖಾರದ ಪುಡಿ, ನಾನೂರಕ್ಕೂ ಹೆಚ್ಚು ತಿನಿಸು. ಒಂದೊಂದರಲ್ಲೂ ಇದ್ದದ್ದು ಅತಿ ಅಲ್ಪ. ಆದರೂ ತೆಗೆಯಲೇಬೇಕಾಯಿತು.

ಇದಕ್ಕೂ ಮುಂಚೆ, 2003ರಲ್ಲೇ, ಫ್ರಾನ್ಸ್‌ನಲ್ಲಿ ಭಾರತದ ಖಾರದ ಪುಡಿಯಲ್ಲಿ ಇದೇ ಬಣ್ಣ ಸಿಕ್ಕಿತ್ತು. ಯುರೋಪ್ ತಪಾಸಣೆ ಬಿಗಿ ಮಾಡಿತ್ತು, ನಮ್ಮ ಸಾಂಬಾರ ಮಂಡಳಿಯೂ ರಫ್ತಿನ ಮೆಣಸಿನಕಾಯಿಗೆ ಸುಡಾನ್ ಪರೀಕ್ಷೆ ಕಡ್ಡಾಯ ಮಾಡಿತ್ತು. ಆದರೆ 2002ರ ಪುಡಿ ಆಗಲೇ ದಾಟಿ, ಸಾಸಿನೊಳಗೆ ಕರಗಿತ್ತು. ಈ ಹೊತ್ತಿನಲ್ಲಿ ಬ್ಯಾಡಗಿಯ ಬಗ್ಗೆ ಯೋಚಿಸದೆ ಇರಲಾರೆ. ಹಾವೇರಿ ಜಿಲ್ಲೆಯ ಆ ಊರಿನ ಮೆಣಸಿನಕಾಯಿಗೆ ಬೆಲೆ ಬರುವುದೇ ಅದರ ಸಹಜ ಕೆಂಪಿನಿಂದ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಮಾರುಕಟ್ಟೆಯಲ್ಲಿ ರೈತರ ಒಂದೊಂದು ರಾಶಿಗೂ ಲಾಟ್ ನಂಬರ್ ಇರುತ್ತದೆ, ಕೊಳ್ಳುವವರು ಲಾಟ್ ನೋಡಿ, ಮುರಿದು, ಮೂಸಿ ದರ ಬರೆಯುತ್ತಾರೆ. ಅಂದರೆ ಮಾರಾಟವಾಗುವ ಗಳಿಗೆಯವರೆಗೂ ಜಾಡು ಸ್ಪಷ್ಟವಾಗಿದೆ. ಟೆಂಡರ್ ಮುಗಿದು, ಹತ್ತು ಕಡೆಯ ಲಾಟುಗಳು ಒಂದೇ ಗೋದಾಮಿಗೆ ಬಿದ್ದು, ಗ್ರೈಂಡಿಂಗ್ ಮಿಲ್ಲಿನ ಬಾಯಿಗೆ ಒಟ್ಟಿಗೆ ಸುರಿದ ಮೇಲೆ ಪ್ರಾಮಾಣಿಕ ರೈತರ ಕೆಂಪೂ ಯಾರದೋ ಕಳ್ಳ ಕೆಂಪೂ ಒಂದೇ ಆಗುತ್ತವೆ. ಅಂಥ ದಿನ ಒಳ್ಳೆಯ ಬೆಳೆಗಾರರಿಗೆ ತಮ್ಮ ಕಾಯಿ ಬೇರೆ ಎಂದು ತೋರಿಸಲು ಏನೂ ಇರುವುದಿಲ್ಲ. ಜಾಡು ಎಂದರೆ ಕಳ್ಳರನ್ನು ಹಿಡಿಯುವುದಷ್ಟೇ ಅಲ್ಲ, ನಿರಪರಾಧಿಗಳನ್ನು ಬಿಡಿಸುವುದೂ ಹೌದು.

ಇದನ್ನು ಮಾಡಲು ನಮಗೆ ಆಗುವುದಿಲ್ಲ, ನಾವು ಚಿಕ್ಕವರು, ಹಳ್ಳಿಯವರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಲಿನ ಡೇರಿ ನೋಡಿ. ರಾಜ್ಯದ ಸಾವಿರಾರು ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಅಳೆಯುತ್ತಾರೆ. 2024ರಲ್ಲಿ ಹಾಲು ಮಹಾಮಂಡಳದ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಒಬ್ಬೊಬ್ಬರು ತಂದ ಹಾಲನ್ನೂ ಬೇರೆಯಾಗಿ ಅಳೆದು, ಮಾದರಿ ತೆಗೆದು, ಡಿಗ್ರಿ ನೋಡಿ, ಫ್ಯಾಟ್ ನೋಡಿ, ಹೆಸರಿನ ಮುಂದೆ ಬರೆಯುತ್ತಾರೆ. ಎರಡು ಲೀಟರ್ ತಂದ ಅಜ್ಜಿಯ ಹಾಲಿಗೂ ಅವಳದೇ ಸಾಲು, ಅವಳದೇ ಅಂಕಿ. ಯಾಕೆಂದರೆ ಅಲ್ಲಿ ದುಡ್ಡಿದೆ. ಫ್ಯಾಟಿನ ಮೇಲೆ ದರ ನಿಂತಿದೆ, ಒಂದು ಅಂಕಿ ತಪ್ಪಿದರೂ ಅಜ್ಜಿ ಬಿಡುವುದಿಲ್ಲ. ಇಷ್ಟು ದೊಡ್ಡ, ಇಷ್ಟು ಸೂಕ್ಷ್ಮ ದಾಖಲೆಯನ್ನು ನಮ್ಮ ಹಳ್ಳಿಯವರು ದಶಕಗಳಿಂದ ನಡೆಸಿದ್ದಾರೆ.

ಆಮೇಲೆ ಆ ಹಾಲು ಶೀತಲ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಗೆ ಅಜ್ಜಿಯ ಹಾಲು ಸಂಘದ ಹಾಲಾಯಿತು. ಟ್ಯಾಂಕರ್ ಬಂದು ನಾಲ್ಕಾರು ಸಂಘಗಳದ್ದನ್ನು ಹೀರಿಕೊಂಡು ಹೋದರೆ ರೂಟಿನ ಹಾಲಾಯಿತು. ಡೇರಿಯ ಸೈಲೋಗೆ ಸೇರಿದರೆ ಡೇರಿಯ ಹಾಲಾಯಿತು. 10,000 ಲೀಟರ್ ಟ್ಯಾಂಕರಿನಲ್ಲಿ, ಒಬ್ಬೊಬ್ಬರು ಸರಾಸರಿ ಐದು ಲೀಟರ್ ಹಾಕಿದ್ದಾರೆ ಎಂದರೂ, ಎರಡು ಸಾವಿರ ಜನರ ಹಾಲಿದೆ. ಅದರಲ್ಲಿ ಒಂದು ಹಸುವಿಗೆ ಕೆಚ್ಚಲು ಬಾವಿನ ಚುಚ್ಚುಮದ್ದು ಹಾಕಿ, ಬಿಡಬೇಕಾದಷ್ಟು ದಿನ ಬಿಡದೆ ಹಾಲು ಹಾಕಿದ್ದರೆ ಡೇರಿಯ ಬಾಗಿಲಲ್ಲಿ ಮಾಡುವ ಪರೀಕ್ಷೆ ಇಡೀ ಟ್ಯಾಂಕರನ್ನು ತಿರಸ್ಕರಿಸಬಹುದು. ಆಗ ಹಿಂದಕ್ಕೆ ಹೋಗುವ ದಾರಿ ಒಂದೇ: ಪ್ರತಿ ಸಂಘದಿಂದ ಟ್ಯಾಂಕರಿಗೆ ಹಾಕುವ ಮುಂಚೆ ತೆಗೆದಿಟ್ಟ ಒಂದು ಚಿಕ್ಕ ಬಾಟಲಿ ಮಾದರಿ. ಬಾಟಲಿ ಇದ್ದರೆ ಯಾವ ಸಂಘ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ, ಉಳಿದ ಸಂಘಗಳವರು ತಪ್ಪಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಎರಡು ಸಾವಿರ ಮನೆಯವರಿಗೂ ಒಂದೇ ಕಳಂಕ. ದರಕ್ಕಾಗಿ ಫ್ಯಾಟಿನ ಜಾಡು ಹಿಡಿದವರಿಗೆ ಸುರಕ್ಷತೆಯ ಜಾಡು ಹಿಡಿಯಲು ಆಗದೆ ಇರುವುದೇ? ಅದಕ್ಕೂ ಅಷ್ಟೇ ಬೆಲೆ ಇದೆ ಎಂದು ತಿಳಿಯಬೇಕಷ್ಟೆ.

ಟ್ಯಾಂಕರ್ ಎಂದ ಮೇಲೆ ಅಮೆರಿಕದ 1994ರ ಪ್ರಕರಣ ಹೇಳಲೇಬೇಕು. ಮಿನ್ನೆಸೋಟ ರಾಜ್ಯದ ಶ್ವಾನ್ಸ್ ಕಂಪನಿಯ ಐಸ್‌ಕ್ರೀಮ್ ತಿಂದವರಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿತು. ಸುಮಾರು 2,24,000 ಜನ ಕಾಯಿಲೆ ಬಿದ್ದರು ಎಂದು ಆಮೇಲೆ ಅಂದಾಜಾಯಿತು. ಐಸ್‌ಕ್ರೀಮಿನ ಮಿಶ್ರಣವನ್ನು ಪಾಶ್ಚರೀಕರಿಸಿಯೇ ಕಳಿಸಿದ್ದರು. ಕಳಿಸಿದ ಟ್ಯಾಂಕರುಗಳು ಅದಕ್ಕೂ ಮುಂಚೆ ಪಾಶ್ಚರೀಕರಿಸದ ಹಸಿ ಮೊಟ್ಟೆಯ ದ್ರವ ಹೊತ್ತಿದ್ದವು. ಕಾರ್ಖಾನೆಗೆ ಬಂದ ಮಿಶ್ರಣವನ್ನು ಮತ್ತೆ ಕಾಯಿಸಲಿಲ್ಲ. ಕಚ್ಚಾ ವಸ್ತುವಿನ ದಾಖಲೆ ಇಡುವವರು ಅದನ್ನು ಹೊತ್ತು ತಂದ ವಾಹನ ಹಿಂದಿನ ಮೂರು ಸಲ ಏನು ಹೊತ್ತಿತ್ತು, ಎಲ್ಲಿ ತೊಳೆದರು ಎಂದೂ ಬರೆದಿಡಬೇಕು ಎನ್ನುವುದು ಇಂಥ ದುರಂತಗಳಿಂದ ಕಲಿತ ಪಾಠ. ನಮ್ಮಲ್ಲಿ 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು, ಸುಮಾರು ಮೂರು ಸಾವಿರ ಜನ ಆಸ್ಪತ್ರೆ ಸೇರಿದರು. ಡಬ್ಬಿಯಿಂದ ಅಳೆದು ಕೊಡುವ ಬಿಡಿ ಎಣ್ಣೆಗೆ ಬ್ಯಾಚೂ ಇಲ್ಲ, ಹೆಸರೂ ಇಲ್ಲ. ಸೀಲು ಹಾಕಿದ ಪೊಟ್ಟಣದಲ್ಲೇ ಎಣ್ಣೆ ಮಾರಬೇಕು ಎಂಬ ನಿಯಮಕ್ಕೆ ಬಲ ಬಂದದ್ದು ಆ ಸಾವುಗಳಿಂದ.

ಕಾರ್ಖಾನೆಯೊಳಗೆ ಕಣ್ಣಿಗೆ ಬೀಳದೆ ಅಂಚು ಅಳಿಸುವ ಇನ್ನೊಂದು ಸಂಗತಿ ಮರುಬಳಕೆ. ಮುರಿದ ಬಿಸ್ಕತ್ತು, ಆಕಾರ ಕೆಟ್ಟ ಚಾಕೊಲೇಟು, ಉಳಿದ ಕಣಕ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. ಪುಡಿ ಮಾಡಿ ನಾಳೆಯ ಹಿಟ್ಟಿಗೆ ಸೇರಿಸುತ್ತಾರೆ. ನಾಳೆಯದರ ಮುರುಕು ನಾಡಿದ್ದಿಗೆ. ಟ್ಯಾಂಕನ್ನು ಎಷ್ಟು ಶುದ್ಧವಾಗಿ ತೊಳೆದರೂ ಈ ಬಾಗಿಲಿನಿಂದ ಹೆಪ್ಪು ಒಳಗೆ ಬರುತ್ತಲೇ ಇರುತ್ತದೆ. ಮರುಬಳಕೆಯ ಡ್ರಮ್ಮಿಗೂ ಚೀಟಿ ಅಂಟಿಸಿ, ವಾರಕ್ಕೊಂದು ದಿನ ಅದನ್ನು ಪೂರ್ತಿ ಮುಗಿಸಿ, ಸೊನ್ನೆಯಿಂದ ಶುರು ಮಾಡುವ ಕಾರ್ಖಾನೆಗಳಿವೆ. ಅಂಥವರ ಬಗ್ಗೆ ನನಗೆ ಗೌರವ.

2017ರ ನಿಯಮಾವಳಿಯ ಪ್ರಕಾರ ನಮ್ಮಲ್ಲಿ ಆಹಾರ ತಯಾರಕರು ವಾಪಸಾತಿಯ ಯೋಜನೆ ಬರೆದಿಟ್ಟುಕೊಂಡಿರಬೇಕು. ಬರೆದಿಟ್ಟದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಅಣಕು ವಾಪಸಾತಿ ಮಾಡಿ ನೋಡುವುದುಂಟು. ಯಾವುದೋ ಒಂದು ಎಣ್ಣೆ ಲೋಡು ಕೆಟ್ಟಿದೆ ಎಂದುಕೊಂಡು, ಅದು ಯಾವ ಪೊಟ್ಟಣಗಳಿಗೆ ಹೋಯಿತು, ಅವು ಎಲ್ಲಿವೆ ಎಂದು ಗಡಿಯಾರ ಇಟ್ಟು ಹುಡುಕುವುದು. ಕೊನೆಗೆ ತೂಕದ ತಾಳೆ ನೋಡಬೇಕು: ಮೊದಲು ಇದ್ದದ್ದು, ಬಂದದ್ದು ಎರಡನ್ನೂ ಕೂಡಿದರೆ, ಖರ್ಚಾದದ್ದು, ಉಳಿದದ್ದು, ಹಾಳಾದದ್ದು ಮೂರರ ಮೊತ್ತಕ್ಕೆ ಸಮನಾಗಬೇಕು. 300 ಕೆ.ಜಿ. ಎಣ್ಣೆಗೆ ಲೆಕ್ಕ ಸಿಗಲಿಲ್ಲವೆಂದರೆ ಅಷ್ಟು ಎಣ್ಣೆ ಯಾವುದೋ ಹೆಸರಿಲ್ಲದ ಪೊಟ್ಟಣದಲ್ಲಿದೆ ಎಂದೇ ಅರ್ಥ. ಈ ಪರೀಕ್ಷೆಗೆ ಚೀಲದ ಪದಾರ್ಥವನ್ನು ಆರಿಸಿಕೊಂಡು ಸುಲಭವಾಗಿ ಪಾಸಾಗುವವರಿದ್ದಾರೆ. ತಪಾಸಣೆಗೆ ಬರುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇದು: ಚೀಲ ಬೇಡ, ಸೈಲೋ ಆರಿಸಿ. ಕೊನೆಯ ಸಲ ಖಾಲಿ ಮಾಡಿ ತೊಳೆದದ್ದು ಯಾವಾಗ ಎಂದು ಕೇಳಿ. ಆ ತಾರೀಖಿನಿಂದ ಇಂದಿನವರೆಗಿನದೆಲ್ಲ ಒಂದೇ ಬ್ಯಾಚ್, ಪೊಟ್ಟಣದ ಮೇಲೆ ಏನೇ ಅಚ್ಚಾಗಿರಲಿ.

2016ರಲ್ಲಿ ಅಮೆರಿಕದಲ್ಲಿ ಗೋಧಿ ಹಿಟ್ಟಿನಿಂದಲೇ ಇ-ಕೋಲಿ ಸೋಂಕು ಹರಡಿ 24 ರಾಜ್ಯಗಳಲ್ಲಿ 63 ಜನ ಕಾಯಿಲೆ ಬಿದ್ದರು. ಹಸಿ ಹಿಟ್ಟನ್ನು ಯಾರೂ ಅನುಮಾನಿಸುವುದಿಲ್ಲ, ಅದರಲ್ಲೂ ಮನೆಯಲ್ಲಿ ಎಂದೋ ತಂದ ಹಿಟ್ಟು ಯಾವ ದಿನದ್ದೆಂದು ಯಾರಿಗೆ ನೆನಪಿರುತ್ತದೆ? ತನಿಖೆದಾರರನ್ನು ಕಾರ್ಖಾನೆಯವರೆಗೆ ಕರೆದೊಯ್ದದ್ದು ರೋಗಿಗಳ ಅಡುಗೆಮನೆಯಲ್ಲಿ ಇನ್ನೂ ಉಳಿದಿದ್ದ ಹಿಟ್ಟಿನ ಚೀಲಗಳು, ಅವುಗಳ ಮೇಲಿದ್ದ ಸಂಕೇತಗಳು. ಜನರಲ್ ಮಿಲ್ಸ್ ಕಂಪನಿ ಮೊದಲು ಸುಮಾರು ಒಂದು ಕೋಟಿ ಪೌಂಡ್ ಹಿಟ್ಟು ವಾಪಸ್ ಕರೆಯಿತು, ತನಿಖೆ ಮುಂದುವರಿದಂತೆ ಅದು ನಾಲ್ಕೂವರೆ ಕೋಟಿ ಪೌಂಡಿಗೆ, ಅಂದರೆ ಸುಮಾರು 20,000 ಟನ್ನಿಗೆ ಏರಿತು.

ನಾವು ಪೊಟ್ಟಣ ತಂದ ಕೂಡಲೇ ಕತ್ತರಿಸಿ ಡಬ್ಬಿಗೆ ಸುರಿಯುತ್ತೇವೆ, ತಳದಲ್ಲಿ ಹಳೆಯದು ಒಂದು ಸೇರು ಇದ್ದರೂ ಮೇಲೆಯೇ ಸುರಿಯುತ್ತೇವೆ, ಪೊಟ್ಟಣ ಕಸಕ್ಕೆ ಹೋಗುತ್ತದೆ. ಇನ್ನು ಮೇಲೆ ಹಳೆಯದು ಮುಗಿಯಲಿ, ಡಬ್ಬಿ ತೊಳೆದು ಬಿಸಿಲಿಗೆ ಒಣಗಲಿ, ಆಮೇಲೆ ಹೊಸದು ಸುರಿಯಿರಿ. ಪೊಟ್ಟಣದ ಮೇಲೆ ಬ್ಯಾಚ್ ನಂಬರ್, ತಾರೀಖು ಇರುವ ಅಷ್ಟು ತುಂಡನ್ನು ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ. ಮನೆಯಲ್ಲಿ ಮಗುವಿಗೆ ಹೊಟ್ಟೆ ಕೆಟ್ಟ ದಿನ ವೈದ್ಯರೋ ಅಧಿಕಾರಿಯೋ ‘ಯಾವ ಹಿಟ್ಟು?’ ಎಂದು ಕೇಳಿದರೆ ತೋರಿಸಲು ಆ ತುಂಡು ಇರುತ್ತದೆ.